ಪ್ರಾಕ್ಸಿ ಹೇಳಿದ ಹಳೆಯ ಸುದ್ದಿ

ಕಂಪ್ಯೂಟರ್ ವಿಷಯ ನನಗೆ ಅರೆಬರೆ ಗೊತ್ತು. ಆದರೂ ಇದನ್ನು ಹೇಳಹೊರಟಿದ್ದಕ್ಕೆ ಕ್ಷಮೆ ಇರಲಿ.

"ಅಕ್ಕಾ, ಆಸ್ಪತ್ರೆಯ ಪುಟದಲ್ಲಿ ಅಪ್ಪನ ಹೆಸರಿನ ಮುಂದೆ ಇನ್ನೂ ‘ಆಪರೇಷನ್ ನಡೆಯುತ್ತಿದೆ’ ಅಂತಾನೇ ಇದೆ. ರಿಫ್ರೆಶ್ ಒತ್ತಿ ಒತ್ತಿ ಬೆರಳು ಸವೆದುಹೋಯ್ತು," ಎಂದು ಆಸ್ಪತ್ರೆಯ ಕಾಯುವ ಕೋಣೆಯಿಂದ ಫೋನಿನಲ್ಲಿ ಗೊಣಗಿದ ತಮ್ಮ.

"ಒತ್ಬೇಡ ಕಣೋ! ನಿನ್ನಂಥೋರ ಕಾಟಕ್ಕೇ ನನ್ನ ಸರ್ವರ್ ಮಲಗ್ತಿದ್ದಿದ್ದು," ಎಂದು ಅದೇ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಕೆಲಸಕ್ಕೆ ಕೂತಿದ್ದ ಅಕ್ಕ ರೇಗಿದಳು. ಬೆಳಿಗ್ಗೆಯಷ್ಟೇ ಅವಳು ಸರ್ವರ್ ಮುಂದೆ ಒಂದು ಪ್ರಾಕ್ಸಿ ಕೂರಿಸಿದ್ದಳು. ಒಬ್ಬರು ಕೇಳಿದ ಪುಟದ ಪ್ರತಿಯನ್ನು ಅದು ಇಟ್ಟುಕೊಂಡು, ಮತ್ತೆ ಕೇಳಿದವರಿಗೆಲ್ಲ ಸರ್ವರನ್ನು ಎಬ್ಬಿಸದೆ ತಾನೇ ಕೊಡುತ್ತಿತ್ತು. ಮೇಲಧಿಕಾರಿಯ ಬೈಗುಳವೂ ನಿಂತಿತ್ತು. ಪರದೆಯ ಮೇಲೆ ಸರ್ವರಿನ ಹೊರೆ ತೋರಿಸುವ ಗೆರೆ ಮಿಸುಕದೆ ಬಿದ್ದಿತ್ತು.

ಅವಳು ಆ ಗೆರೆಯನ್ನೇ ಮತ್ತೊಮ್ಮೆ ನೋಡಿದಳು. ತಮ್ಮ ಇಷ್ಟು ಒತ್ತಿದರೂ ಗೆರೆ ಯಾಕೆ ಅಲುಗಲಿಲ್ಲ? ಅಂದರೆ ಅವನಿಗೆ ಸಿಗುತ್ತಿದ್ದುದು ಪ್ರಾಕ್ಸಿ ಇಟ್ಟುಕೊಂಡಿದ್ದ ಹಳೆಯ ಪುಟ. ರೋಗಿಗಳ ಸ್ಥಿತಿಯ ಪುಟವೊಂದನ್ನು ಮಾತ್ರ ಇಟ್ಟುಕೊಳ್ಳಬೇಡ ಎಂದು ಪ್ರಾಕ್ಸಿಗೆ ಹೇಳಬೇಕಿತ್ತು. ಅವಸರದಲ್ಲಿ ಆ ಸಾಲನ್ನೇ ಬರೆದಿರಲಿಲ್ಲ. ನೇರವಾಗಿ ಸರ್ವರನ್ನೇ ಕೇಳಿದಳು: ‘ವಾರ್ಡಿಗೆ ಕಳಿಸಲಾಗಿದೆ. ಮನೆಯವರೊಬ್ಬರು ಜೊತೆಗಿರಬಹುದು.’

"ಓಡೋ, ಅಪ್ಪ ಆಗಲೇ ವಾರ್ಡಲ್ಲಿದಾರೆ!" ಎಂದು ಕೂಗಿ, ಹಳೆಯ ಪುಟವನ್ನು ಅಳಿಸಿ, ಬಿಟ್ಟ ಸಾಲನ್ನು ಬರೆದು, ತಾನೂ ಮೆಟ್ಟಿಲು ಹತ್ತಿ ಓಡಿದಳು.

ಅಪ್ಪ ನಿದ್ದೆಗೆ ಜಾರಿದ್ದರು. ಅವರ ಕೈ ಮಾತ್ರ ಮಂಚದ ಕಂಬಿಯನ್ನು ಬಿಗಿಯಾಗಿ ಹಿಡಿದಿತ್ತು.

"ಎಚ್ಚರ ಆದಾಗ ಯಾರನ್ನೋ ಕರೀತಾನೇ ಇದ್ರು. ನೀವೆಲ್ಲ ಎಲ್ಲಿ ಹೋಗಿದ್ರಿ?" ಎಂದಳು ನರ್ಸ್.

ಯಾರನ್ನು ಕರೆದರೋ, ಗೊತ್ತಿಲ್ಲ. ಆಮೇಲೆ ಕೇಳಿದರೆ ಅಪ್ಪನಿಗೂ ನೆನಪಿರಲಿಲ್ಲ.