ಮೂರನೇ ಕೌಂಟರಿನ ಗಾಜು

ಮುದುಕಪ್ಪ ಊರುಗೋಲಿನ ತುದಿಯಿಂದ ಮೂರನೇ ಸಲ ಕುಟ್ಟಿದ್ದೇ ತಡ, ಕೌಂಟರಿನ ಗಾಜು ಬಿರುಕುಬಿಟ್ಟು ಪುಡಿಪುಡಿಯಾಗಿ ಉದುರಿತು. ಸಾಲಿಗೆ ಸಾಲೇ ಹಿಂದಕ್ಕೆ ಸರಿಯಿತು. ಒಳಗೆ ಕೂತು ರಕ್ತಪರೀಕ್ಷೆಯ ವರದಿ ಕೊಡುವ ಹೆಂಗಸಿಗೆ ಆಸ್ಪತ್ರೆಯ ಜನ ಇಟ್ಟ ಹೆಸರು ಒಣಮೆಣಸಿನಕಾಯಿ. ಅವಳ ಒರಟು ಬಾಯಿಯ ಮೇಲೆ ಆಗಲೇ ಎರಡು ದೂರು ಹೋಗಿದ್ದವು. ಇನ್ನೊಂದು ಬಂದರೆ ಉಗ್ರಾಣಕ್ಕೆ ಹಾಕುತ್ತೇವೆ ಎಂದು ಮೇಲಿನವರು ಗದರಿದ್ದರು.

ಅವಳು ಗಾಬರಿಯಿಂದ ಎದ್ದಳು. "ಅಜ್ಜ, ಕೈಗೇನೂ ತಾಗಿಲ್ಲ ತಾನೇ?"

ಮುದುಕಪ್ಪ ಪಿಳಿಪಿಳಿ ಕಣ್ಣುಬಿಟ್ಟ. ವಾರವಾರವೂ ಹೆಂಡತಿಯ ವರದಿಗೆಂದು ಬಂದು ಇವಳ ಜೊತೆ ಹಾವು ಮುಂಗುಸಿಯಂತೆ ಕಾದಾಡಿದ್ದವನು. "ನಿನ್ನ ದನಿ ಇಷ್ಟು ಮೆತ್ತಗಿದೆಯೇನಮ್ಮ? ಇಷ್ಟು ದಿನ ನನ್ನ ಬೈತಿದ್ದೀಯ ಅಂದ್ಕೊಂಡಿದ್ದೆ."

"ಬೈತಿರಲಿಲ್ಲ ಅಜ್ಜ, ಕೂಗ್ತಿದ್ದೆ. ಗಾಜಿನಾಚೆ ನಿಮಗೆ ಕೇಳಿಸ್ಬೇಕಲ್ಲ."

"ಅಯ್ಯೋ, ನಾನೂ ಅದಕ್ಕೇ ಕೂಗ್ತಿದ್ದೆ ಕಣೇ!"

ಅವಳಿಗೆ ನಗು ತಡೆಯಲಾಗಲಿಲ್ಲ. ಸಾಲಿನಲ್ಲಿದ್ದವರೂ ನಕ್ಕರು.

ಹೊಸ ಗಾಜು ಬರಲು ಒಂದು ವಾರ ಹಿಡಿಯಿತು. ಆ ವಾರವೆಲ್ಲ ಯಾರೂ ಕೌಂಟರ್ ಕುಟ್ಟಲಿಲ್ಲ. ವರದಿ ಓದಲು ಹೆದರುತ್ತಿದ್ದ ಒಬ್ಬ ಬಸುರಿಗೆ ಇವಳೇ ಬೆರಳಿಟ್ಟು, "ಇಲ್ಲಿ ನೋಡಮ್ಮ, ಎಲ್ಲ ಸರಿಯಿದೆ ಅಂತ ಬರೆದಿದ್ದಾರೆ" ಎಂದು ತೋರಿಸಿದಳು. ಆಕೆ ಅಳುತ್ತಾ ನಗುತ್ತಾ ಇವಳ ಕೆನ್ನೆ ಹಿಂಡಿ ಹೋದಳು. ಸಂಜೆ ಮನೆಯಲ್ಲಿ ಗಂಡ ಹಣೆ ಮುಟ್ಟಿ ನೋಡಿದ. "ಏನೇ, ಇಷ್ಟು ಮೆಲ್ಲಗೆ ಮಾತಾಡ್ತಿದ್ದೀಯ! ಹುಷಾರಾಗಿದ್ದೀಯ ತಾನೇ?"

ಎಂಟನೇ ದಿನ ಗಾಜಿನ ಕೆಲಸದವನು ಹೊಸ ಗಾಜು ಹೊತ್ತು ಬಂದ. ಅವಳ ಮುಖ ಸಪ್ಪಗಾಯಿತು. ಅಷ್ಟರಲ್ಲಿ ಮುದುಕಪ್ಪನೂ ಬಂದ. ಚೇತರಿಸಿಕೊಂಡ ಹೆಂಡತಿ ಈ ಸಲ ಅವನ ತೋಳು ಹಿಡಿದು ತಾನೇ ನಡೆದು ಬಂದಿದ್ದಳು.

"ತಮ್ಮಾ, ಆ ಗಾಜು ಇಲ್ಲಿಗೆ ಕೂರಲ್ಲ, ಚಿಕ್ಕದಾಯ್ತು" ಎಂದ ಮುದುಕಪ್ಪ.

"ಇನ್ನೂ ಇಟ್ಟೇ ನೋಡಿಲ್ವಲ್ಲ ಯಜಮಾನ್ರೇ!"

"ಇಡೋದೇನು, ಇಲ್ಲಿಂದಲೇ ಕಾಣ್ಸುತ್ತೆ. ತೀರಾ ದೊಡ್ಡದು" ಎಂದಳು ಮುದುಕಿ. ಸಾಲಿನಲ್ಲಿದ್ದವರೆಲ್ಲ ಹೌದೌದೆಂದು ತಲೆಯಾಡಿಸಿದರು.

ಗಾಜಿನವನು ತಲೆ ಕೆರೆದುಕೊಂಡು ಇವಳತ್ತ ತಿರುಗಿದ. "ನೀವೇ ಹೇಳಿ ಅಕ್ಕ, ಚಿಕ್ಕದೋ ದೊಡ್ಡದೋ?"

ಒಣಮೆಣಸಿನಕಾಯಿ ಗಾಜನ್ನು ನೋಡಿದಳು, ಸಾಲನ್ನು ನೋಡಿದಳು.

"ಎರಡೂ" ಎಂದಳು, ಮೆಲ್ಲಗೆ.