ಒದ್ದೆ ಕೈ

ಹಾಳಾದ ಕಾರು ನಾಲ್ಕನೇ ಸಲವೂ ಕೈಕೊಟ್ಟಿತು. ಚಿನ್ನದ ಗಣಿಯ ಊರಾದ ಉರಿಗಾಂನ ಬಾಡಿಗೆ ಶೆಡ್ಡಿನಲ್ಲಿ, ಪರೀಕ್ಷೆಗೆಂದು ರೋಲರ್ ಮೇಲೆ ಕಟ್ಟಿ ನಿಲ್ಲಿಸಿದ್ದ ಹೊಸ ಮಾಡೆಲ್ಲಿನ ಸ್ಪೋರ್ಟ್ಸ್ ಕಾರು ಹತ್ತು ನಿಮಿಷ ಅಬ್ಬರಿಸಿ, ಆಮೇಲೆ ಸೊರಗಿಬಿಟ್ಟಿತು. ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಅದರ ಟರ್ಬೊ ನವ್ಯಳ ಎರಡು ವರ್ಷದ ದುಡಿಮೆ. ಮಧ್ಯಾಹ್ನದೊಳಗೆ ಗಾಳಿಯ ಒತ್ತಡ ಕುಸಿಯದೆ ನಿಲ್ಲದಿದ್ದರೆ ಅದನ್ನು ಕಿತ್ತು ಹಾಕಿ ಹೊರದೇಶದ್ದು ತರಿಸುವುದೇ ಸೈ ಎಂದು ತಂಡದ ಮುಖ್ಯಸ್ಥ ರಾಜ್‌ಕುಮಾರ್ ಹೇಳಿಬಿಟ್ಟಿದ್ದ. ಬಂಗಾರಪೇಟೆಯ ಹುಡುಗಿ ನವ್ಯಳಿಗೆ ಅಳು ಬರುವಷ್ಟು ಸಿಟ್ಟು ಬಂತು.

"ಎಲ್ಲೋ ಗಾಳಿ ಸೋರ್ತಾ ಐತೆ ಕಣಮ್ಮ," ಎಂದ ಬಾಗಿಲಲ್ಲಿ ನಿಂತಿದ್ದ ವಾಚ್‌ಮನ್ ಆರುಮುಗಂ.

"ಇಲ್ಲ ತಾತ. ದಿನಾ ಬೆಳಿಗ್ಗೆ ಟರ್ಬೊ ಪೈಪಿಗೆ ಗಾಳಿ ತುಂಬ್ಸಿ ನೋಡ್ತೀನಿ. ಒಂದು ಚೂರೂ ಸೋರಲ್ಲ."

"ಬೆಳಿಗ್ಗೆ ಅಂದ್ರೆ, ತಣ್ಣಗಿದ್ದಾಗ?"

"ಊಂ."

"ಅಡಡಾ! ಮೈನ್ಸ್‌ನಾಗೆ ಇಪ್ಪತ್ತೆಂಟು ವರ್ಷ ಗಾಳಿ ಪೈಪು ನೋಡ್ಕೊಂಡೋನು ನಾನು. ಮೇಲಿಂದ ಗಾಳಿ ಬಂದ್ರೇನೇ ಕೆಳಗೆ ಡ್ರಿಲ್ ಓಡೋದು. ಬಿಸೀಲಿ ಬಾಯಿ ಬಿಡೋ ಪೈಪು ತಣ್ಣಗಾದ್ರೆ ಮುಚ್ಕೊಂಡ್‌ಬಿಡ್ತದೆ. ಆರೋಕೆ ಬಿಡ್ಬೇಡ, ಈಗ್ಲೇ ಗಾಳಿ ಹೊಡಿ."

ರಾಜ್‌ಕುಮಾರ್ ಗಡಿಯಾರ ನೋಡಿಕೊಂಡ. "ನವ್ಯ, ಇದೆಲ್ಲ ಬೇಕಾ?"

"ಒಂದೇ ಒಂದ್ಸಲ ಸಾರ್," ಎಂದವಳೇ ಗಾಳಿಯ ಮೆದುಗೊಳವೆಯನ್ನು ಪೈಪಿಗೆ ಸಿಕ್ಕಿಸಿದಳು.

ಮುದುಕ ಎಡಗೈಯನ್ನು ಬಕೆಟ್ಟಿನ ನೀರಿಗೆ ಅದ್ದಿ, ಕಣ್ಣು ಮುಚ್ಚಿ, ಒದ್ದೆ ಹಿಂಗೈಯನ್ನು ಪೈಪಿನ ಉದ್ದಕ್ಕೂ ಒಂದಂಗುಲ ಮೇಲೆ ಸರಿಸುತ್ತಾ ಹೋದ. ಬಗ್ಗಲಾರದೆ ನರಳಿದ, ತನ್ನ ಸೊಂಟವನ್ನೇ ತಮಿಳಿನಲ್ಲಿ ಬೈದುಕೊಂಡ. ಬಂಪರಿನ ಹಿಂದೆ ರಬ್ಬರ್ ಪೈಪು ತಿರುಗುವ ಕಡೆ ಆ ಕೈ ಗಕ್ಕನೆ ನಿಂತಿತು. "ಇಲ್ಲಿ ಗಾಳಿ ತಣ್ಣಗೆ ಹೊಡೀತದೆ ನೋಡು."

ನವ್ಯ ತನ್ನ ಕೈಯನ್ನೂ ಒದ್ದೆ ಮಾಡಿಕೊಂಡು ಹಿಡಿದಳು. ಹೌದು! ಗೆಣ್ಣುಗಳ ಮೇಲೆ ಕೂದಲೆಳೆಯಷ್ಟು ತಂಪು. ಟರ್ಬೊದಲ್ಲಿ ಏನೂ ತಪ್ಪಿರಲಿಲ್ಲ. ಕುಣಿದುಬಿಡಬೇಕು ಅನ್ನಿಸಿತು ಅವಳಿಗೆ.

ಸೀಳಿದ ಪೈಪು ಬದಲಾಯಿಸಿ ಮತ್ತೆ ಕಾರು ಓಡಿಸಿದರು. ಹತ್ತು ನಿಮಿಷ ದಾಟಿತು, ಇಪ್ಪತ್ತು ದಾಟಿತು. ಶೆಡ್ಡಿನ ತಗಡೆಲ್ಲ ಗಡಗಡ ನಡುಗಿದರೂ ಒತ್ತಡದ ಮುಳ್ಳು ಮಾತ್ರ ಅಲ್ಲಾಡಲಿಲ್ಲ.

"ನಿನ್ನ ಟರ್ಬೊನೇ ಇರಲಿ ಬಿಡಮ್ಮ," ಎಂದು ರಾಜ್‌ಕುಮಾರ್ ನಕ್ಕ.

ನವ್ಯ ಪರೀಕ್ಷೆಯ ಹಾಳೆ ತುಂಬತೊಡಗಿದಳು. ದೋಷ ಕಂಡುಹಿಡಿದವರು ಎಂಬಲ್ಲಿ ಆರುಮುಗಂ ಎಂದು ಬರೆದು ತಲೆಯೆತ್ತಿದಳು. "ತಾತ, ಇಲ್ಲಿ ನೌಕರರ ನಂಬರ್ ಕೇಳೌರೆ. ನೀನು ಕಾಂಟ್ರಾಕ್ಟ್‌ನೋನು, ನಿಂಗೆ ಕೊಟ್ಟೇ ಇಲ್ಲ. ಖಾಲಿ ಬಿಡ್ಲಾ?"

"ಖಾಲಿ ಯಾಕಮ್ಮ? ಮೈನ್ಸ್‌ನೋರು ಕೊಟ್ಟಿದ್ದ ಟೋಕನ್ ನಂಬರ್ ಇಲ್ವಾ?"

ಗಣಿ ಮುಚ್ಚಿ ಇಪ್ಪತ್ತು ವರ್ಷದ ಮೇಲಾಗಿತ್ತು. ಆರುಮುಗಂ ಒದ್ದೆ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು, ನೋಯುವ ಸೊಂಟವನ್ನು ನೆಟ್ಟಗೆ ಮಾಡಿ, ಪಾಳಿಗೆ ಇಳಿಯುವ ಮುಂಚೆ ಗೇಟಿನಲ್ಲಿ ಕೂಗುತ್ತಿದ್ದ ಹಾಗೇ ಕೂಗಿದ:

"ನಾಲ್ಕು ಸಾವಿರದ ಇನ್ನೂರ ಹದಿನೇಳು!"