ಕದಂಬರ ಕಾಲದಲ್ಲಿ ತಾಡಪಾಲು ಇರಲಿಲ್ಲ

ಯಾರಾದರೂ ಗೇಟಿಗೆ ಬೆಳ್ಳಿ ಬಣ್ಣ ಬಳಿಯುತ್ತಿದ್ದರೆ ಆ ವಾಸನೆಗೆ ಈಗಲೂ ತಾಳಗುಂದದ ಒಂದು ಮಧ್ಯಾಹ್ನ ನೆನಪಾಗಿ ಮೂಗು ಮುರಿಯುತ್ತೇನೆ.

ಕದಂಬರ ಸೈನ್ಯದಂತೆ ಎರಡು ದಿನ ಬಯಲಲ್ಲಿ ಬದುಕಿ ತೋರಿಸುವ ಶಿಬಿರ ಅದು. ರಾಜ, ನಮ್ಮ ಇತಿಹಾಸದ ಮೇಷ್ಟ್ರು. ರಟ್ಟಿನ ಕಿರೀಟ, ಅಂಟಿಸಿದ ಮೀಸೆ. ಸೈನ್ಯ, ನಾವು ಹನ್ನೆರಡು ಮಕ್ಕಳು. ನಮ್ಮ ರಟ್ಟಿನ ಗುರಾಣಿಗಳ ಬೆಳ್ಳಿ ಬಣ್ಣ ಇನ್ನೂ ಕೈಗೆ ಅಂಟುತ್ತಿತ್ತು. ಮೆಕ್ಕೆಜೋಳ ಮುರಿದ ಹೊಲದಲ್ಲಿ ಹಳೆ ಸೀರೆಗಳ ಡೇರೆ ಹಾಕಿದ್ದೆವು.

ಹೊಲದೊಡತಿ ಗೌರಮ್ಮ ಮುಗಿಲು ನೋಡಿ, ಜೋಳ ಒಣಗಿಸುವ ತಾಡಪಾಲು ಹೊತ್ತು ತಂದರು.

"ಮೋಡ ಕಪ್ಪಿಟ್ಟೈತ್ರೀ ಮೇಷ್ಟ್ರೇ, ಡೇರೆ ಮ್ಯಾಲೆ ಇದನ್ನ ಹೊದಿಸ್ರೀ."

"ಕದಂಬರ ಕಾಲದಲ್ಲಿ ತಾಡಪಾಲು ಇತ್ತೇನಮ್ಮಾ? ತಗಂಡು ಹೋಗು."

ಸೈನ್ಯವೂ ಹಲ್ಲು ಕಿರಿಯಿತು.

ಅರ್ಧ ಗಂಟೆಯಲ್ಲಿ ಬಿರುಗಾಳಿ ಎದ್ದು ಡೇರೆ ಹಾರಿ ಬೇಲಿಗೆ ಸಿಕ್ಕಿಕೊಂಡಿತು, ರಾಜನ ಕಿರೀಟವೂ ಹಾರಿತು. ಆಲಿಕಲ್ಲು ಬೀಳತೊಡಗಿದಾಗ ನಾವು ಗುರಾಣಿಗಳನ್ನು ತಲೆಗೆ ಹಿಡಿದೆವು.

"ಏಯ್, ರಟ್ಟು ನೆನೀತೈತೆ, ಕೊಡ್ರೋ ಇಲ್ಲಿ! ನಾಳೆ ಫೋಟೋಕ್ಕೆ ಬೇಕು!"

ಮೇಷ್ಟ್ರು ಹನ್ನೆರಡು ಗುರಾಣಿಗಳನ್ನೂ ಕಿತ್ತುಕೊಂಡು ತಮ್ಮ ಕಾರಿನ ಹಿಂದಿನ ಸೀಟಿಗೆ ತುಂಬಿದರು. ತಾವು ಮುಂದೆ ಕೂತು ಗಾಜು ಏರಿಸಿಕೊಂಡರು.

ಗೌರಮ್ಮ ಓಡಿಬಂದು ತಾಡಪಾಲು ಬಿಡಿಸಿದರು. "ಒಳಗ್ ಬರ್ರೋ, ಅಂಚು ಗಟ್ಟಿ ಹಿಡ್ಕಳ್ರಿ." ಜೋಳದ ಧೂಳಿನ ಘಾಟಿನಲ್ಲಿ ಒಬ್ಬರಿಗೊಬ್ಬರು ಅಂಟಿ ನಿಂತೆವು. ಅಂಚಿನ ತುಂಬ ನಮ್ಮ ಬೆಳ್ಳಿ ಬೆರಳುಗಳ ಗುರುತು ಮೂಡಿತು.

ಮಳೆ ನಿಂತಿತು. ರಾಜ ಗಾಜನ್ನು ನಾಲ್ಕು ಬೆರಳು ಇಳಿಸಿ ಕೇಳಿದ: "ನನ್ನ ಕಿರೀಟ ಯಾರಾದ್ರೂ ನೋಡಿದ್ರೇನ್ರೋ?"

ಅದು ಕೆಸರಲ್ಲಿ ನನ್ನ ಕಾಲ ಬಳಿಯೇ ಬಿದ್ದಿತ್ತು. ಪಾದ ಎತ್ತಿ ಅದರ ಮೇಲಿಟ್ಟೆ.

"ಇಲ್ಲ ಸಾರ್," ಅಂದೆ.